ಬಿಡ್ತು ಅನ್ನು

ರಾತ್ರಿ ಊಟಕ್ಕೆ ಕೂತ ಮಗು ಕೇಳುತ್ತದೆ: "ಅಜ್ಜಿ, ನೀನು ಸತ್ತೋದ್ಮೇಲೆ ಈ ರೂಮು ನಂಗೇ ತಾನೆ?" ಅಡುಗೆಮನೆಯಿಂದ ಅಮ್ಮನ ದನಿ ಬರುತ್ತದೆ: "ಬಿಡ್ತು ಅನ್ನು!" ಮಗು "ಬಿಡ್ತು" ಅಂದು ಅನ್ನ ಕಲಸಿಕೊಳ್ಳುತ್ತದೆ. ಅಜ್ಜಿ ಒಳಗೊಳಗೇ ನಗುತ್ತಾಳೆ. ರೂಮು ಯಾರಿಗೆ ಅನ್ನುವ ಪ್ರಶ್ನೆ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಬೆಂಗಳೂರಿನ 30-40ರ ಸೈಟಿನಲ್ಲಿ ಎದ್ದ ಎಷ್ಟೋ ಮನೆಗಳಲ್ಲಿ ಅದೇ ಪ್ರಶ್ನೆ ಇಪ್ಪತ್ತು ವರ್ಷ ಬಿಟ್ಟು ಸಿಟಿ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆಯಾಗಿ ಎದ್ದು ನಿಲ್ಲುತ್ತದೆ.

"ಬಿಡ್ತು" ಒಂದು ಪುಟ್ಟ ಯಂತ್ರ. ಅದರಲ್ಲಿ ಮೂರು ಭಾಗಗಳಿವೆ. ಮಾತು ಕೇಳಿ ಗಾಬರಿಯಾಗುವ ಒಬ್ಬರು ಬೇಕು, ಆಡಿದ್ದನ್ನು ಅಳಿಸುವ ಒಂದು ಪದ ಬೇಕು, ಆಡಿದ್ದು ನಡೆದೇಬಿಡುತ್ತದೆ ಅನ್ನುವ ಭಯ ಬೇಕು. ಈ ಮೂರನೆಯದೇ ಮೋಟಾರು. ಮೇಲೆ ಅಸ್ತು ದೇವತೆಗಳು ಓಡಾಡಿಕೊಂಡಿರುತ್ತಾರೆ, ನೀನಂದ ಹೊತ್ತಿಗೇ ಅವರೂ "ಅಸ್ತು" ಅಂದುಬಿಟ್ಟರೆ? ಅದಕ್ಕೇ ನಮ್ಮಲ್ಲಿ ಯಾರೂ "ಹೋಗ್ತೀನಿ" ಅನ್ನುವುದಿಲ್ಲ, "ಹೋಗ್ಬರ್ತೀನಿ" ಅನ್ನುತ್ತಾರೆ. ಭರಣಿಯಲ್ಲಿ ಕುಂಕುಮ ಮುಗಿಯುವುದಿಲ್ಲ, "ಹೆಚ್ಚುತ್ತದೆ". ದೀಪವನ್ನು ಆರಿಸುವುದಿಲ್ಲ, "ದೊಡ್ಡದು ಮಾಡುತ್ತಾರೆ". ರಾತ್ರಿಯಾದರೆ ಹಾವು "ಹುಳ"ವಾಗುತ್ತದೆ. ಮೈಮೇಲೆ ಬೊಕ್ಕೆ ಎದ್ದರೆ "ಅಮ್ಮ" ಬಂದಿರುತ್ತಾಳೆ.

ಮನಶ್ಶಾಸ್ತ್ರದವರು ಈ ಮೋಟಾರಿಗೆ ಕೊಟ್ಟಿರುವ ಹೆಸರನ್ನು ಕನ್ನಡದಲ್ಲಿ "ಯೋಚನೆ-ಕೃತಿಗಳ ಬೆಸುಗೆ" ಎನ್ನಬಹುದು. ಅದರಲ್ಲಿ ಎರಡು ಬಗೆ. ಯೋಚಿಸಿದರೆ ಸಾಕು, ಆಗಿಬಿಡುತ್ತದೆ ಅನ್ನುವುದು ಒಂದು. ಯೋಚಿಸಿದ್ದಕ್ಕೂ ಮಾಡಿದಷ್ಟೇ ಪಾಪ ಅನ್ನುವುದು ಇನ್ನೊಂದು. ಮೊದಲನೆಯದು ಓದಿದವರಲ್ಲಿ ಕಡಿಮೆಯಾಗಿದೆ ಎಂದುಕೊಳ್ಳೋಣ. ಎರಡನೆಯದು ಓದಿದವರನ್ನೂ ಬಿಟ್ಟಿಲ್ಲ. ಕೆಲವು ಯೋಚನೆಗಳು ತಲೆಗೆ ಬಂದದ್ದೇ ತಾವು ಕೆಟ್ಟವರು ಅನ್ನುವುದಕ್ಕೆ ಪುರಾವೆ ಎಂದು ಅವರು ನಂಬುತ್ತಾರೆ.

ಆದರೂ ಆಡಬಾರದ್ದನ್ನು ಒಳಗೊಳಗೇ ಆಡಿಕೊಳ್ಳುವುದರಲ್ಲಿ ಒಂದು ರುಚಿ ಇದೆ. ಆ ರುಚಿ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟು ನಂಬಬೇಕು, ನಿಷಿದ್ಧ ಯೋಚನೆಯೊಂದನ್ನು ಕೈಗೆತ್ತಿಕೊಂಡು ನೋಡಿ ಕೆಳಗಿಡುವುದು ಹೇಗೆ ಅನ್ನುವುದು ಇಲ್ಲಿಯ ವಿಷಯ. ಕಾಫಿಯ ರುಚಿ ನೋಡುವವರಿಂದ ಒಂದು ಕ್ರಮ ಕಲಿಯಬಹುದು. 150 ಮಿಲಿಲೀಟರ್ ಬಿಸಿನೀರಿಗೆ 8.25 ಗ್ರಾಂ ಪುಡಿ ಹಾಕಿ 4 ನಿಮಿಷ ಬಿಡುತ್ತಾರೆ. ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಮೂಗು ಹತ್ತಿರ ಒಯ್ಯುತ್ತಾರೆ. ಆಮೇಲೆ ಸೊರ್ರೆಂದು ಹೀರಿ, ಬಾಯಿ ತುಂಬ ಆಡಿಸಿ, ಉಗಿಯುತ್ತಾರೆ. ಸಾಲಾಗಿ ಇಟ್ಟ ಇಪ್ಪತ್ತು ಲೋಟವನ್ನೂ ನುಂಗುತ್ತ ಹೋದರೆ ಕೊನೆಯ ಲೋಟದ ಹೊತ್ತಿಗೆ ತಲೆ ಗಿರ್ರೆನ್ನುತ್ತಿರುತ್ತದೆ, ನಾಲಿಗೆಯ ತೀರ್ಪಿಗೆ ಬೆಲೆ ಇರುವುದಿಲ್ಲ. ಯೋಚನೆಗಳ ವಿಷಯದಲ್ಲಿ ನಾವು ಸಾಮಾನ್ಯವಾಗಿ ಎರಡೇ ಕೆಲಸ ಮಾಡುತ್ತೇವೆ: ಲೋಟ ಮುಟ್ಟುವುದಿಲ್ಲ, ಮುಟ್ಟಿದರೆ ಪೂರ್ತಿ ಕುಡಿದುಬಿಡುತ್ತೇವೆ.

* * *

ರುಚಿಯ ಮೊದಲ ಮೂಲ ತೀರಾ ಸಾಧಾರಣವಾದದ್ದು. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದು ಪಂಡಿತರು ಹೇಳಿದ ಕಥೆ ನಮಗೆಲ್ಲ ಗೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಅದೇ ಕಥೆಯನ್ನು ಪ್ರಯೋಗ ಮಾಡಿದರು. ಮಂಗನ ಬದಲು ಬಿಳಿ ಕರಡಿ. ಐದು ನಿಮಿಷ ಅದನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆದದ್ದು. "ಈಗ ಬೇಕಾದಷ್ಟು ನೆನೆಯಿರಿ" ಎಂದಾಗ, ಮೊದಲಿಂದಲೂ ಅನುಮತಿ ಇದ್ದವರಿಗಿಂತ ಅದುಮಿಟ್ಟುಕೊಂಡಿದ್ದವರ ತಲೆಗೇ ಕರಡಿ ಹೆಚ್ಚು ಬಂತು. ಕರಡಿಯಲ್ಲಿ ವಿಶೇಷ ಏನೂ ಇರಲಿಲ್ಲ. ಇದ್ದದ್ದು ಒತ್ತಡ ಮಾತ್ರ.

ಎರಡನೆಯದು ಹಟ. ಇದ್ದ ಸ್ವಾತಂತ್ರ್ಯವನ್ನು ಯಾರಾದರೂ ಕಿತ್ತುಕೊಂಡರೆ ಅದೇ ಬೇಕು ಅನ್ನಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಜಾಕ್ ಬ್ರೆಮ್ 1966ರಲ್ಲಿ ಒಂದು ಸಿದ್ಧಾಂತವಾಗಿ ಬರೆದರು. ಇದನ್ನು ನೋಡಲು ಬೆಂಗಳೂರಿನ ಯಾವುದಾದರೂ ಉದ್ದನೆಯ ಕಾಂಪೌಂಡ್ ಗೋಡೆಯ ಹತ್ತಿರ ಹೋದರೆ ಸಾಕು. "ಇಲ್ಲಿ ಮೂತ್ರ ಮಾಡಬಾರದು" ಎಂದು ಬರೆದ ಕಡೆಯೇ ಒದ್ದೆಯಾಗಿರುತ್ತದೆ. ಮಾಲೀಕರು ಕೊನೆಗೆ ಗಣಪತಿ, ಏಸು, ಮೆಕ್ಕಾ ಮೂರೂ ಇರುವ ಟೈಲ್ಸ್ ತಂದು ಅಂಟಿಸುತ್ತಾರೆ, ಗೋಡೆ ಒಣಗುತ್ತದೆ. ಬೋರ್ಡು ಒಂದು ನಿಯಮ, ಅದನ್ನು ಮುರಿಯುವ ಯೋಚನೆ ಬರುತ್ತದೆ. ಟೈಲ್ಸಿನ ಮುಂದೆ ಆ ಯೋಚನೆಯೇ ಹುಟ್ಟುವುದಿಲ್ಲ. ನಿಯಮಕ್ಕೂ ನಿಷೇಧಕ್ಕೂ ಇರುವ ಅಂತರ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಿಸುವುದಿಲ್ಲ.

ಮೂರನೆಯದು ಸಲಿಗೆ. "ಯಾರಿಗೂ ಹೇಳ್ಬೇಡ, ಆದ್ರೆ..." ಎಂದು ಶುರುವಾಗುವ ಮಾತು ಹೇಳುವವರನ್ನೂ ಕೇಳುವವರನ್ನೂ ಹತ್ತಿರ ತರುತ್ತದೆ. ಹಿಂದಿನವರಿಗೆ ಇದು ಗೊತ್ತಿತ್ತು, ಅದಕ್ಕೆಂದು ದಿನ ಗೊತ್ತುಮಾಡಿದ್ದರು. ಮದುವೆಯಲ್ಲಿ ಬೀಗರನ್ನು ಮೂದಲಿಸುವ ಹಾಡು ಅಂಥದ್ದು. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ಆಗುತ್ತದೆ. ಆವತ್ತು ವೇಷ ಹಾಕಿದವರು ದಾರಿಯಲ್ಲಿ ಸಿಕ್ಕವರನ್ನೂ ದೇವರನ್ನೂ ಬಾಯಿಗೆ ಬಂದಂತೆ ಬೈದು ಕಾಣಿಕೆ ಕೇಳುತ್ತಾರೆ. ಸಂಜೆ ಹಬ್ಬ ಮುಗಿದರೆ ಬೈಗುಳವೂ ಮುಗಿಯಿತು. ಬೆಂಗಳೂರಿಗೆ ಅಂಥ ಹಬ್ಬ ಇಲ್ಲ, ವಾಟ್ಸಾಪ್ ಇದೆ. ಅಲ್ಲಿ ಸಂಜೆ ಆಗುವುದೇ ಇಲ್ಲ.

ನಾಲ್ಕನೆಯದು ನಿಜದ ಹಸಿವು. ಎಲ್ಲರೂ ಸುಮ್ಮನಿದ್ದಾರೆ, ಇದರಲ್ಲಿ ಏನೋ ಇದೆ, ಯಾರಾದರೂ ಹೇಳಬಾರದೇ ಅನ್ನುವ ತಳಮಳ.

ತೊಂದರೆ ಏನೆಂದರೆ ಒಳಗಿನಿಂದ ಈ ನಾಲ್ಕೂ ಒಂದೇ ಥರ ಕಾಣುತ್ತವೆ. ಅದೇ ಎದೆ ಡವಡವ, ಅದೇ ತಡೆಯಲಾರದ ನಗು. ಮೊದಲ ಮೂರರಿಂದ ಬಂದ ರುಚಿಯನ್ನು ನಾಲ್ಕನೆಯದರ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವುದೇ "ಧೈರ್ಯವಾಗಿ ಮಾತಾಡ್ತೀನಿ" ಅನ್ನುವವರು ಮಾಡುವ ತಪ್ಪು. ಬೇಲಿ ಎಷ್ಟು ಎತ್ತರ ಇದೆ ಅನ್ನುವುದರಿಂದ ಒಳಗಿನ ಹಣ್ಣು ಸಿಹಿಯೋ ಹುಳಿಯೋ ಗೊತ್ತಾಗುವುದಿಲ್ಲ.

ಬಿಡಿಸಿ ನೋಡಲು ಒಂದು ಒರೆಗಲ್ಲಿದೆ. ನಾಳೆ ಮದುವೆಮನೆಯ ಪಂಕ್ತಿಯಲ್ಲಿ ಕೂತವರೆಲ್ಲ ಈ ಯೋಚನೆಗೆ "ಅಯ್ಯೋ, ಅದು ಗೊತ್ತಿರೋದೇ ಅಲ್ವಾ" ಎಂದುಬಿಟ್ಟರೆ ನಿಮಗೆ ಇದರಲ್ಲಿ ಆಸಕ್ತಿ ಉಳಿಯುತ್ತದೆಯೇ? ಉಳಿಯದಿದ್ದರೆ ರುಚಿ ಬೇಲಿಯದ್ದು. ಗ್ರಹಣದ ದಿನ ಟೌನ್‌ಹಾಲ್ ಮುಂದೆ ತಿಂಡಿ ತಿಂದು ತೋರಿಸುವವರನ್ನು ತೆಗೆದುಕೊಳ್ಳಿ. ಅದರಲ್ಲಿ ತಪ್ಪಿಲ್ಲ, ನೋಡುವವರಿಗೆ ಒಂದು ಪಾಠವೂ ಹೌದು. ಆದರೆ ತಿನ್ನುವವರಲ್ಲಿ ಬಹಳ ಮಂದಿಗೆ ಆ ಯೋಚನೆ ಎಂದೋ ಹಳತಾಗಿದೆ, ಅವರು ಮುರಿಯುತ್ತಿರುವುದು ಪಕ್ಕದವರ ನಿಷೇಧವನ್ನು. ಇನ್ನೊಂದು ಒರೆಗಲ್ಲು: ಈ ಯೋಚನೆ ನಿಜವಾದರೆ ಯಾರಿಗೆ ಲಾಭ? ನನ್ನ ಜಾತಿ, ನನ್ನ ಸಂಬಳ, ನನ್ನ ಸೋಮಾರಿತನ ಮೊದಲಿದ್ದುದಕ್ಕಿಂತ ಒಂದು ಮೆಟ್ಟಿಲು ಮೇಲೆ ಕೂರುತ್ತದೆ ಅನ್ನುವಂತಿದ್ದರೆ ಪುರಾವೆಯನ್ನು ಎರಡು ಪಟ್ಟು ಕೇಳಬೇಕು.

* * *

ಒಪ್ಪದ್ದನ್ನು ಪೂರ್ತಿ ಹಿಡಿದು ನೋಡುವುದು ನಮಗೆ ಹೊಸದಲ್ಲ. ಶಾಸ್ತ್ರದವರು ಪೂರ್ವಪಕ್ಷ ಎನ್ನುತ್ತಿದ್ದದ್ದು ಅದನ್ನೇ. ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಮಂಡಿಸಿದ ಮೇಲೆ ಸಿದ್ಧಾಂತಕ್ಕೆ, ಅಂದರೆ ತನ್ನ ತೀರ್ಮಾನಕ್ಕೆ, ಕೈಹಾಕಬೇಕು. ವಿಜಯನಗರದ ಆರಂಭಕಾಲದ, 14ನೇ ಶತಮಾನದ ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕದಿಂದ. ದೇವರಿಲ್ಲ, ಪರಲೋಕವಿಲ್ಲ, ಶ್ರಾದ್ಧ ಹೊಟ್ಟೆಪಾಡು, ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನುವ ದರ್ಶನಕ್ಕೆ ಒಬ್ಬ ವೇದಾಂತಿ ಮೊದಲ ಎಲೆ ಹಾಕಿದ್ದಾನೆ. ಚಾರ್ವಾಕರ ಮೂಲಗ್ರಂಥಗಳು ಹೆಚ್ಚುಕಡಿಮೆ ಕಳೆದುಹೋಗಿವೆ. ಅವರ ಮಾತು ಇಂದು ನಮಗೆ ಸಿಗುವುದು ಮುಖ್ಯವಾಗಿ ಅವರನ್ನು ಒಪ್ಪದವರು ಬರೆದಿಟ್ಟಿದ್ದರಿಂದ.

ಕ್ಯಾಥೊಲಿಕ್ ಚರ್ಚು ಇದನ್ನೇ ಒಂದು ಹುದ್ದೆ ಮಾಡಿತ್ತು. ಯಾರನ್ನಾದರೂ ಸಂತರೆಂದು ಸಾರುವ ಮೊದಲು ಅವರ ವಿರುದ್ಧ ವಾದಿಸಲೆಂದೇ ಒಬ್ಬ ವಕೀಲ. 1587ರಲ್ಲಿ ಬಂದ ಆ ಹುದ್ದೆಯ ಬಲವನ್ನು 1983ರಲ್ಲಿ ಬಹಳ ಮಟ್ಟಿಗೆ ಇಳಿಸಿದರು. ಹುದ್ದೆಯಾಗಿ ಮಾಡುವ ವಿರೋಧದಲ್ಲಿ ಒಂದು ಐಬು ಇದೆ. ಮನಶ್ಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ಮತ್ತು ಅವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿರೋಧದ ಪಾತ್ರ ವಹಿಸಿದವರಿಗಿಂತ ನಿಜವಾಗಿ ವಿರೋಧಿಸುವವರು ಇದ್ದ ಗುಂಪುಗಳೇ ಚೆನ್ನಾಗಿ ಯೋಚಿಸಿದವು. ಪಾತ್ರಧಾರಿ ಇದ್ದ ಕಡೆ ಜನ ತಮ್ಮ ಮೊದಲ ನಿಲುವಿಗೇ ಇನ್ನಷ್ಟು ಕಾರಣ ಹುಡುಕಿಕೊಂಡರು. "ಎಲ್ಲ ಕಡೆಯಿಂದಲೂ ನೋಡಿ ಆಯ್ತು" ಅನ್ನುವ ಸಮಾಧಾನ ಸುಲಭವಾಗಿ ಸಿಕ್ಕಿಬಿಡುತ್ತದೆ. ಮುಂದೆ ಹೇಳುವ ಚೀಟಿಯ ಕ್ರಮ ಈ ಐಬಿಗೆ ಮಾಡಿಕೊಂಡ ಒಂದು ಉಪಾಯ.

ನಿಜವಾದ ಪರೀಕ್ಷೆ ಸ್ವಂತ ಪಂಕ್ತಿಯಲ್ಲಿ ಆಗುತ್ತದೆ. 1986ರಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಗಿ ರಾಜ್ಯವೆಲ್ಲ ತತ್ತರಿಸಿದ ಮೇಲೆ, ಅದು ನಿಲ್ಲಬೇಕು ಅನ್ನುವುದರಲ್ಲಿ ಪ್ರಗತಿಪರರಿಗೆ ಎರಡು ಮಾತಿರಲಿಲ್ಲ. ಅದೇ ಬಳಗದ ಯು.ಆರ್. ಅನಂತಮೂರ್ತಿ "ಬೆತ್ತಲೆ ಪೂಜೆ ಯಾಕೆ ಕೂಡದು" ಎಂದು ಕೇಳಿ ಬರೆದರು. ಅವರ ಉತ್ತರವನ್ನು ಒಪ್ಪಬಹುದು, ಒಪ್ಪದಿರಬಹುದು. ನನಗೆ ಮುಖ್ಯವಾಗಿ ಕಾಣುವುದು ಆ ಪ್ರಶ್ನೆಗೆ ಅವರು ಬೆಲೆ ತೆತ್ತದ್ದು ತಮ್ಮ ಸ್ನೇಹಿತರ ನಡುವೆ ಅನ್ನುವುದು. ಎದುರು ಪಾಳಯಕ್ಕೆ ನೋವಾಗುವ ಮಾತನ್ನು ನಮ್ಮವರ ಚಪ್ಪಾಳೆಯ ನಡುವೆ ಆಡುವುದಕ್ಕೆ ನಿಷಿದ್ಧ ಯೋಚನೆ ಅನ್ನುವ ಹೆಸರು ದುಬಾರಿ.

ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯ ಇನ್ನೊಂದು ಪಾಠ ಬಿಟ್ಟುಹೋಗಿದ್ದಾರೆ. ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ಮಾಡಿದರು. "ಪವಾಡ ಸುಳ್ಳು" ಎಂದು ಕೂಗುವುದು ಸುಲಭವಾಗಿತ್ತು, ಅವರು ಪರೀಕ್ಷೆಗೆ ಕರೆದರು. ಪರೀಕ್ಷಿಸಬಹುದಾದ ಅನ್ನುವ ಆ ಒಂದು ಮಾತೇ ಸಮಿತಿಯ ಬೆನ್ನೆಲುಬು. ಏನು ಕಂಡರೆ ನಾನು ಸೋತೆ ಎಂದು ಒಪ್ಪುತ್ತೇನೆ ಅನ್ನುವುದನ್ನು ಮೊದಲೇ ಬರೆದಿಡದೆ ಕೈಗೆತ್ತಿಕೊಂಡ ಯೋಚನೆ ಬರೀ ಚಪಲವಾಗಿ ಉಳಿಯುತ್ತದೆ.

ನಿಷೇಧಗಳನ್ನು ಗೆದ್ದ ಕಥೆಗಳಿಂದಲೂ ಎಚ್ಚರವಾಗಿರಬೇಕು. ಮೈಸೂರು ಸಂಸ್ಥಾನ 1930ರಲ್ಲಿ ಬೆಂಗಳೂರು, ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧದ ಕ್ಲಿನಿಕ್ ತೆರೆಯಲು ಆದೇಶ ಮಾಡಿತು. ಜಗತ್ತಿನಲ್ಲಿ ಸರ್ಕಾರವೊಂದು ತೆರೆದ ಮೊದಲ ಕ್ಲಿನಿಕ್‌ಗಳು ಇವೇ ಎನ್ನುತ್ತಾರೆ. ಗಾಂಧೀಜಿಯವರೇ ಕೃತಕ ಸಾಧನಗಳನ್ನು ವಿರೋಧಿಸುತ್ತಿದ್ದ ಕಾಲ ಅದು. ಹೆಮ್ಮೆಪಡೋಣ. ಆದರೆ ಆ ಕಾಲದ ಸಂತಾನ ನಿಯಂತ್ರಣದ ವಾದ ಒಂಟಿಯಾಗಿ ಬರಲಿಲ್ಲ. "ಯೋಗ್ಯರು" ಹೆಚ್ಚು ಹೆರಬೇಕು, "ಅಯೋಗ್ಯರು" ಕಡಿಮೆ ಹೆರಬೇಕು ಅನ್ನುವ ವಂಶಸುಧಾರಣೆಯ ವಾದವೂ ಅದೇ ಗಂಟಿನಲ್ಲಿತ್ತು. ಹೆಂಗಸಿಗೆ ತನ್ನ ಮೈಮೇಲೆ ಹಕ್ಕು ಅನ್ನುವುದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆಯಲು ದಶಕಗಳು ಬೇಕಾದವು. ನಿಷಿದ್ಧ ಯೋಚನೆಗಳು ಹೀಗೆ ಗಂಟಾಗಿಯೇ ಬರುತ್ತವೆ. ಗಂಟು ಬಿಚ್ಚದೆ ಹೊತ್ತುಕೊಂಡರೂ ತಪ್ಪು, ಬಿಚ್ಚದೆ ಬಿಸಾಡಿದರೂ ತಪ್ಪು.

* * *

ಬಿಚ್ಚುವುದು ಹೇಗೆ ಅನ್ನುವುದಕ್ಕೆ ಬೆಂಗಳೂರಿನ ಮನೆಗಳಲ್ಲಿ ಎಲ್ಲರೂ ಯೋಚಿಸುವ, ಯಾರೂ ಆಡದ ಒಂದು ವಾಕ್ಯ ತೆಗೆದುಕೊಳ್ಳೋಣ: "ಅಪ್ಪ ಅಮ್ಮನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ವೃದ್ಧಾಶ್ರಮಕ್ಕೆ ಸೇರಿಸುವುದೇ ಒಳ್ಳೆಯದಿರಬಹುದು."

ಕೇಳಿದ ಕೂಡಲೇ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ ಸಂಕಟವನ್ನು ಅಳಿಸುವುದು ಬೇಡ, ಪಕ್ಕಕ್ಕೆ ಬರೆದಿಡಿ. ಈಗ ವಾಕ್ಯವನ್ನು ತುಂಡು ಮಾಡಿ. ಮೊದಲ ತುಂಡು ಬರೀ ವಾಸ್ತವ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಶುರುವಾಗುತ್ತದೆ. ರಾತ್ರಿಯೂ ಅಷ್ಟೇ. ಬೆನ್ನು ಉಳಿಸಿಕೊಂಡು ಎತ್ತಿ ಕೂರಿಸಲು ಸಾಮಾನ್ಯವಾಗಿ ಇಬ್ಬರು ಬೇಕು. ಮರೆವಿನ ಕಾಯಿಲೆ ಇದ್ದರೆ ಬೆಳಗಿನ ಜಾವ ಬಾಗಿಲು ತೆಗೆದು ಹೊರಟುಬಿಡುತ್ತಾರೆ. ಇದನ್ನು ಯಾರು ಮಾಡುತ್ತಾರೆ? "ನಾವು ನೋಡ್ಕೋತೀವಿ" ಎಂದು ಮಗ ಹೇಳುತ್ತಾನೆ, ನೋಡಿಕೊಳ್ಳುವುದು ಸೊಸೆ. ಈ ತುಂಡಿಗೆ ಉತ್ತರ ಅಳತೆಯಿಂದ ಸಿಗುತ್ತದೆ: ಎಷ್ಟು ಕೈ, ಎಷ್ಟು ಗಂಟೆ, ಯಾವ ಕಾಯಿಲೆ.

ಎರಡನೆಯದು ಋಣ. ಇದು ಮೌಲ್ಯ, ಅಳತೆಗೆ ಸಿಗುವುದಿಲ್ಲ. ಆದರೆ ಋಣ ತೀರಿಸುವುದು ಅಂದರೆ ಒಂದೇ ಸೂರಿನಡಿ ಇರುವುದೋ ಮೈ ಹುಣ್ಣಾಗದಂತೆ ನೋಡಿಕೊಳ್ಳುವುದೋ ಎಂದು ಕೇಳಬಹುದು. ಮೂರನೆಯದು ನಾಲ್ಕು ಜನ ಏನಂದಾರು ಅನ್ನುವುದು. ಇದನ್ನು ಋಣದ ಜೊತೆ ಬೆರೆಸಿ ಮಾತಾಡುವುದೇ ನಮ್ಮ ಚರ್ಚೆಗಳು ಕೆಡುವ ದೊಡ್ಡ ಕಾರಣ. ಬೇರೆ ಚೀಟಿಯಲ್ಲಿ ಬರೆದರೆ ಎಷ್ಟು ತೂಕ ಇದರದ್ದು ಎಂದು ಗೊತ್ತಾಗಿ ನಾಚಿಕೆಯಾಗುತ್ತದೆ.

ನಾಲ್ಕನೆಯದು ದುಡ್ಡು. ಇಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ ಮತ್ತು ಸಂಗಡಿಗರ 2000ದ ಒಂದು ಅಧ್ಯಯನ ನೆನಪಿಡಬೇಕು. ಮಗುವಿನ ಪ್ರಾಣ ಉಳಿಸಲು ಹಣ ಕೊಡುವುದೋ, ಅದೇ ಹಣವನ್ನು ಆಸ್ಪತ್ರೆಯ ಬೇರೆ ಅಗತ್ಯಕ್ಕೆ ಬಳಸುವುದೋ ಎಂದು ತೀರ್ಮಾನಿಸಬೇಕಾದ ಆಡಳಿತಾಧಿಕಾರಿಯ ಕಥೆ ಓದಿದವರು, ಅವನು ಮಗುವನ್ನೇ ಆರಿಸಿದರೂ, ತುಂಬ ಹೊತ್ತು ಯೋಚಿಸಿದ ಎಂದಿದ್ದರೆ ಅವನನ್ನು ಕೀಳಾಗಿ ಕಂಡರು. ನಿಷೇಧ ತಪ್ಪು ಉತ್ತರವನ್ನಷ್ಟೇ ಶಿಕ್ಷಿಸುವುದಿಲ್ಲ, ತಡವಾದ ಸರಿ ಉತ್ತರವನ್ನೂ ಶಿಕ್ಷಿಸುತ್ತದೆ. "ಅಮ್ಮನನ್ನು ಕರ್ಕೊಂಡು ಬರ್ಲಾ?" ಎಂದು ಅಣ್ಣ ಫೋನ್ ಮಾಡಿದಾಗ "ಯೋಚನೆ ಮಾಡಿ ಹೇಳ್ತೀನಿ" ಎಂದ ತಮ್ಮ ಮುಂದೆ ಹತ್ತು ವರ್ಷ ನೋಡಿಕೊಂಡರೂ ಆ ಒಂದು ಮಾತು ಮನೆತನದ ಇತಿಹಾಸದಲ್ಲಿ ಉಳಿದಿರುತ್ತದೆ. ಅದಕ್ಕೇ ಈ ಯೋಚನೆಗಳನ್ನು ಫೋನ್ ಬರುವ ಮೊದಲೇ ಮಾಡಿ ಮುಗಿಸಿರಬೇಕು.

ಕಾನೂನಿನ ತುಂಡು ಚಿಕ್ಕದು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯಲ್ಲಿ ಜೀವನಾಂಶ ಗರಿಷ್ಠ ತಿಂಗಳಿಗೆ 10,000 ರೂಪಾಯಿ. ಹಿರಿಯರನ್ನು ನೋಡಿಕೊಳ್ಳಬೇಕಾದವರು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ 3 ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಿಟ್ಟುಹೋಗುವುದು ಮತ್ತು ವ್ಯವಸ್ಥೆ ಮಾಡಿ ಸೇರಿಸುವುದು ಕಾನೂನಿನ ಕಣ್ಣಿಗೆ ಬೇರೆ ಬೇರೆ. ನೆಂಟರ ಕಣ್ಣಿಗೆ ಒಂದೇ.

ಇಷ್ಟು ಬಿಚ್ಚುವ ಹೊತ್ತಿಗೆ ಮೊದಲಿನ ವಾಕ್ಯ ಕರಗಿಹೋಗಿರುತ್ತದೆ. ಉಳಿಯುವುದು ಇಂಥ ಪ್ರಶ್ನೆ: ಎರಡು ಬೆಡ್‌ರೂಮಿನ ಮನೆಯಲ್ಲಿ, ಒಬ್ಬರೇ ನೋಡಿಕೊಳ್ಳುವವರಿದ್ದು, ರಾತ್ರಿಯಲ್ಲೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದಾಗ ಏನು ಮಾಡುವುದು? ಇದನ್ನು ಅಮ್ಮನ ಎದುರಿಗೇ ಕೇಳಬಹುದು. ಅವರ ಉತ್ತರ ಎಲ್ಲರಿಗಿಂತ ಬೇರೆಯಾಗಿರುವ ಸಾಧ್ಯತೆಯೂ ಇದೆ.

* * *

ಒಬ್ಬರೇ ಕೂತು ಇದನ್ನು ಮಾಡಿದರೆ ಮನಸ್ಸು ತನಗೆ ಬೇಕಾದ ಕಡೆ ಜಾರುತ್ತದೆ. ಗುಂಪು ಬೇಕು, ಅದು ದೊಡ್ಡದಾಗಬಾರದು. ಏಳು ಜನ ಸರಿ. ಐದಕ್ಕಿಂತ ಕಡಿಮೆಯಾದರೆ ಯಾರ ಯೋಚನೆ ಯಾವುದು ಎಂದು ಗೊತ್ತಾಗಿಬಿಡುತ್ತದೆ, ಒಂಬತ್ತು ದಾಟಿದರೆ ಭಾಷಣ ಶುರುವಾಗುತ್ತದೆ. ಸ್ಥಳ ಯಾರದಾದರೂ ಮನೆಯ ಮಹಡಿ ಇರಲಿ. ದರ್ಶಿನಿಯಲ್ಲಿ ನಿಂತುಕೊಂಡು ಹತ್ತು ನಿಮಿಷಕ್ಕಿಂತ ಹೆಚ್ಚು ಯಾವ ಯೋಚನೆಯೂ ನಿಲ್ಲುವುದಿಲ್ಲ, ಹಳೆಯ ಹೋಟೆಲುಗಳಲ್ಲಿ ಟೇಬಲ್ಲಿಗೆ ಕಾಯುವವರು ಬೆನ್ನ ಹಿಂದೆಯೇ ನಿಂತಿರುತ್ತಾರೆ. ಫೋನುಗಳೆಲ್ಲ ಕೆಳಗಿನ ಮನೆಯ ಶೋಕೇಸಿನ ಮೇಲೆ.

ಒಂದು ಎ-ಫೋರ್ ಹಾಳೆಯನ್ನು ಮೂರು ಸಲ ಮಡಿಸಿ ಹರಿದರೆ ಎಂಟು ಚೀಟಿ. ಎರಡು ಹಾಳೆ ಸಾಕು. ಪ್ರತಿಯೊಬ್ಬರೂ ಒಂದೇ ಬಣ್ಣದ ಪೆನ್ನಿನಲ್ಲಿ ಎರಡೆರಡು ಚೀಟಿ ಬರೆಯಬೇಕು: ಒಂದರಲ್ಲಿ ತಾನು ಅರೆಮನಸ್ಸಿನಿಂದಾದರೂ ನಂಬುವ, ಹೊರಗೆ ಆಡದ ಮಾತು, ಇನ್ನೊಂದರಲ್ಲಿ ತಾನು ನಂಬದ, ಆದರೆ ಯಾರೂ ಆಡದ ಮಾತು. ಹದಿನಾಲ್ಕು ಚೀಟಿ ಡಬ್ಬಕ್ಕೆ ಬಿದ್ದ ಮೇಲೆ ಅಕ್ಷರ ಗುರುತು ಸಿಕ್ಕಿದರೂ ಅದು ಅವರ ನಂಬಿಕೆಯೋ ಅಲ್ಲವೋ ಹೇಳಲಾಗುವುದಿಲ್ಲ. ಬರೆದವರಿಗೆ ರಕ್ಷಣೆ ಸಿಕ್ಕಿತು, ಡಬ್ಬದಲ್ಲಿ ಅರ್ಧ ನಿಜವಾದ ವಿರೋಧವೂ ಸೇರಿತು. ಪಾತ್ರಧಾರಿ ವಿರೋಧದ ಐಬು ಇದರಿಂದ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ.

ಒಟ್ಟು 90 ನಿಮಿಷ. ಬರೆಯಲು 5, ಒಂದು ಚೀಟಿ ಎತ್ತಿ ಓದಿ ಶಬ್ದಗಳ ಅರ್ಥ ಸರಿಮಾಡಿಕೊಳ್ಳಲು 5. ಮುಂದಿನ 15 ನಿಮಿಷ ಎಲ್ಲರೂ ಅದರ ಪರವಾಗಿ ಮಾತ್ರ ಮಾತಾಡಬೇಕು. ಆಮೇಲೆ 10 ನಿಮಿಷ, ವಿರೋಧಿಸಬೇಕೆಂದಿರುವವರು ಆ ವಾದವನ್ನು ತಮ್ಮ ಮಾತಿನಲ್ಲಿ ಹೇಳಿ "ಹೌದು, ಇದೇ" ಅನ್ನಿಸಿಕೊಳ್ಳಬೇಕು. ಅನ್ನಿಸಿಕೊಳ್ಳದವರಿಗೆ ವಿರೋಧಿಸುವ ಸರದಿ ಇಲ್ಲ. 30 ನಿಮಿಷ ವಿರೋಧ. 10 ನಿಮಿಷ ತುಂಡು ಮಾಡುವುದು. ಇನ್ನು 10 ನಿಮಿಷ, ಪ್ರತಿಯೊಬ್ಬರೂ ಏನು ಕಂಡರೆ ತನ್ನ ನಿಲುವು ಬದಲಾಗುತ್ತದೆ ಎಂದು ಒಂದು ವಾಕ್ಯ ಬರೆಯುವುದು. ಕೊನೆಯ 5 ಚೀಟಿ ಹರಿಯಲಿಕ್ಕೆ.

ಮಾತಿನ ಸರದಿ ಕಿರಿಯರಿಂದ ಶುರುವಾಗಲಿ. ಇದು ಸಣ್ಣ ನಿಯಮದಂತೆ ಕಾಣುತ್ತದೆ, ಇದೊಂದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. "ಸಾರ್" ಮೊದಲು ಮಾತಾಡಿದರೆ ಉಳಿದ ಆರು ಜನರಿಗೂ ಅದೇ ಅಭಿಪ್ರಾಯ ಮೊದಲಿಂದ ಇದ್ದಂತೆ ಅನ್ನಿಸತೊಡಗುತ್ತದೆ. ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ, ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ತಪ್ಪು ಉತ್ತರ ಹೇಳಲು ಮೊದಲೇ ಹೇಳಿಕೊಟ್ಟು, ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದಾಗ, ಕಣ್ಣಿಗೆ ಕಾಣುವ ಸತ್ಯದ ವಿಷಯದಲ್ಲೂ ಸುಮಾರು ಮೂರರಲ್ಲೊಂದು ಉತ್ತರ ಗುಂಪಿನ ಸುಳ್ಳಿನ ಕಡೆ ವಾಲಿತು. ಸರಿ ಉತ್ತರ ಹೇಳುವ ಒಬ್ಬ ಜೊತೆಗಾರ ಇದ್ದಾಗ ಆ ಒತ್ತಡ ಕಾಲು ಭಾಗಕ್ಕೆ ಇಳಿಯಿತು. ಗುಂಪನ್ನು ಬಿಟ್ಟ ಆ ಒಬ್ಬ ತಾನೂ ಬೇರೊಂದು ತಪ್ಪು ಉತ್ತರ ಹೇಳಿದರೂ ತಪ್ಪುಗಳು ಕಡಿಮೆಯಾದವು. ಅಡ್ಡಮಾತಾಡುವವನು ಸರಿಯಾಗಿಯೇ ಇರಬೇಕಿಲ್ಲ, ಅವನಿರುವುದರಿಂದಲೇ ಪಕ್ಕದವನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಬರುತ್ತದೆ.

ಕೆಡುವ ರೀತಿಗಳು ಹಲವು. ಒಬ್ಬರೇ ಪ್ರತಿಸಲ ಎಲ್ಲರನ್ನೂ ಬೆಚ್ಚಿಬೀಳಿಸುವ ಚೀಟಿ ಬರೆದು ಮುಖಗಳನ್ನು ನೋಡುತ್ತ ಕೂರುತ್ತಾರೆ. ಅವರಿಗೆ ಪುರಾವೆಯ 10 ನಿಮಿಷದಲ್ಲಿ ಬರೆಯಲು ಏನೂ ಇರುವುದಿಲ್ಲ, ಅದರಿಂದಲೇ ಗುರುತು ಸಿಗುತ್ತದೆ. ಇನ್ನೊಬ್ಬರು "ಸುಮ್ನೆ ಕೇಳ್ದೆ" ಅನ್ನುವವರು, ಅದೇ ಪ್ರಶ್ನೆಯನ್ನು ಉತ್ತರ ಬಂದ ಮೇಲೂ ಮುಂದಿನ ವಾರ ಕೇಳುತ್ತಾರೆ. ತೀರಾ ಕೆಟ್ಟದ್ದು ಯೋಚನೆಯ ಭಾರ ಹೊರಬೇಕಾದ ವ್ಯಕ್ತಿ ಕೋಣೆಯಲ್ಲಿ ಒಬ್ಬರೇ ಇರುವುದು. ಆರು ಜನರಿಗೆ ಬುದ್ಧಿಯ ಕಸರತ್ತು, ಒಬ್ಬರಿಗೆ ತನ್ನ ಬದುಕಿನ ವಿಚಾರಣೆ. ಆ ಚೀಟಿಯನ್ನು ಬದಿಗಿಡುವ ಹಕ್ಕು ಕಾರಣ ಹೇಳದೆಯೇ ಎಲ್ಲರಿಗೂ ಇರಬೇಕು. ಅವರು ಕೋಣೆಯಲ್ಲಿ ಇಲ್ಲವೇ ಇಲ್ಲ ಅನ್ನುವುದೂ ಒಳ್ಳೆಯ ಸ್ಥಿತಿ ಅಲ್ಲ. ಎಲ್ಲ ಒಂದೇ ಜಾತಿಯವರು ಕೂತು ಮೀಸಲಾತಿ ಬಗ್ಗೆ ಮಾಡುವ "ದಿಟ್ಟ ಚರ್ಚೆ"ಗೆ ನಮ್ಮ ಭಾಷೆಯಲ್ಲಿ ಹರಟೆ ಎನ್ನುತ್ತಾರೆ.

ಮಹಡಿಯಿಂದ ಇಳಿದು ಬೀದಿಗೆ ಬಂದರೆ ಲೆಕ್ಕ ಬೇರೆ. 2015ರ ಮಾರ್ಚ್ 24ರಂದು ಆನ್‌ಲೈನಿನ ಆಕ್ಷೇಪಾರ್ಹ ಮಾತನ್ನು ಅಪರಾಧವೆನ್ನುತ್ತಿದ್ದ ಐಟಿ ಕಾಯಿದೆಯ 66ಎ ಸೆಕ್ಷನ್ ರದ್ದುಮಾಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮೂರು ಮೆಟ್ಟಿಲು ಬೇರೆ ಮಾಡಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲೆರಡು ಎಷ್ಟೇ ಅಪ್ರಿಯವಾದರೂ ವಾಕ್‌ಸ್ವಾತಂತ್ರ್ಯದ ಒಳಗೇ ಇವೆ, ಮೂರನೆಯದಕ್ಕೆ ಮುಟ್ಟಿದಾಗ ನಿರ್ಬಂಧ ಬರುತ್ತದೆ. ಯೋಚನೆಯನ್ನು ಬಾಯಲ್ಲಿಟ್ಟು ನೋಡುವವರಿಗೆ ಈ ಮೆಟ್ಟಿಲುಗಳು ಚೆನ್ನಾಗಿ ಹೊಂದುತ್ತವೆ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೇ ಸೆಕ್ಷನ್‌ಗಳಡಿ, ಗುಂಪುಗಳ ನಡುವೆ ದ್ವೇಷ ಹುಟ್ಟಿಸಿದ್ದಕ್ಕೆ, ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತಂದದ್ದಕ್ಕೆ ದೂರು ಕೊಡಬಹುದು. ಕೊನೆಗೆ ಗೆದ್ದರೂ ಠಾಣೆಗೂ ಕೋರ್ಟಿಗೂ ಅಲೆದ ದಿನಗಳನ್ನು ಯಾರೂ ವಾಪಸು ಕೊಡುವುದಿಲ್ಲ. ಮಹಡಿಯ ಮೇಲೆ ಪೂರ್ವಪಕ್ಷವಾಗಿ ಆಡಿದ ಮಾತಿನ 20 ಸೆಕೆಂಡ್ ಕತ್ತರಿಸಿ ಹರಿಬಿಟ್ಟರೆ ಅದರಲ್ಲಿ ಸಿದ್ಧಾಂತ ಇರುವುದಿಲ್ಲ. ಫೋನು ಶೋಕೇಸಿನ ಮೇಲೆ ಇರಬೇಕಾದದ್ದು ಅದಕ್ಕೇ.

ಈ ಕಸರತ್ತು ಎಲ್ಲರಿಗೂ ಅಲ್ಲ. ಮಹಡಿಯಿಂದ ಧುಮುಕಿದರೆ, ಕೈಯಲ್ಲಿರುವ ಮಗುವನ್ನು ಬಿಟ್ಟುಬಿಟ್ಟರೆ, ದೇವರ ಮುಂದೆ ಕೆಟ್ಟ ಮಾತು ಆಡಿಬಿಟ್ಟರೆ ಅನ್ನುವ ಯೋಚನೆಗಳು ತಾವಾಗಿ ನುಗ್ಗುವುದು ಬಹುತೇಕ ಎಲ್ಲರಿಗೂ ಆಗುತ್ತದೆ. ಮನಶ್ಶಾಸ್ತ್ರಜ್ಞರಾದ ರಾಕ್ಮನ್ ಮತ್ತು ಡಿ ಸಿಲ್ವಾ 1978ರಲ್ಲಿ ಯಾವ ಕಾಯಿಲೆಯೂ ಇಲ್ಲದ ಜನರನ್ನು ಕೇಳಿದಾಗ ಸುಮಾರು ಶೇ 80ರಷ್ಟು ಮಂದಿ ಇಂಥ ಬೇಡದ ಯೋಚನೆಗಳು ತಮಗೂ ಬರುತ್ತವೆ ಎಂದರು. ಬಂದು ಹೋದರೆ ಚಿಂತೆಯಿಲ್ಲ. ಆದರೆ ಅವು ದಿನದಲ್ಲಿ ಗಂಟೆಗಟ್ಟಲೆ ಸುತ್ತಿ, ತೊಳೆಯುವುದು, ಎಣಿಸುವುದು, ಮತ್ತೆ ಮತ್ತೆ ಕ್ಷಮೆ ಕೇಳುವುದು ಶುರುವಾಗಿದ್ದರೆ ಚೀಟಿಯ ಡಬ್ಬ ಅವರಿಗೆ ಬೇಡ. ಅಂಥವರ ತಲೆಯಲ್ಲಿ "ಬಿಡ್ತು" ಅನ್ನುವುದು ನಿಲ್ಲದೆ ನಡೆಯುತ್ತಿರುತ್ತದೆ, ಯೋಚನೆಯನ್ನು ಇನ್ನಷ್ಟು ತಿರುವಿಹಾಕಿ ನೋಡುವುದರಿಂದ ಅದು ಹೆಚ್ಚುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಕ್ಲಿನಿಕ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಚೀಟಿ ಹರಿಯುವುದರ ಬಗ್ಗೆ ಒಂದು ಮಾತು ಉಳಿದಿದೆ. ಹದಿನಾಲ್ಕರಲ್ಲಿ ಒಂದೇ ಓದಿದ್ದೀರಿ, ಹದಿಮೂರು ಡಬ್ಬದಲ್ಲೇ ಇವೆ. ಅವನ್ನು ಮುಂದಿನ ಸಲಕ್ಕೆಂದು ಇಟ್ಟುಕೊಳ್ಳುವ ಆಸೆಯಾಗುತ್ತದೆ. ಬೇಡ, ಓದದೆಯೇ ಹರಿಯಿರಿ, ಒದ್ದೆ ಮಾಡಿ ಹಸಿಕಸದ ಬುಟ್ಟಿಗೆ ಹಾಕಿ. ಯಾರಿಗಾದರೂ ತನ್ನ ಚೀಟಿ ನಿಜವಾಗಿಯೂ ಬೇಕಿದ್ದರೆ ಮುಂದಿನ ತಿಂಗಳು ಅದನ್ನೇ ಮತ್ತೆ ಬರೆಯುತ್ತಾರೆ. ಬರೆಯದಿದ್ದರೆ ಅದು ಬಿಟ್ಟಿತು.